ಒಬ್ಬರೇ ಹಿಡಿಸುವ ಗುಡಾರ

ಆರ್ಚಿ ಪೆಟಿಗ್ರೂ ಅದುವರೆಗೆ ಹೇಳಿದ ಸುಳ್ಳುಗಳೆಲ್ಲ ಚಿಲ್ಲರೆ ಸುಳ್ಳುಗಳು. ಅವನು ಕೆಲಸ ಮಾಡುತ್ತಿದ್ದದ್ದು ಕಾರ್ಪೆಟ್ ಅಂಗಡಿಯಲ್ಲಿ. ಗಿರಾಕಿಯ ಮನೆಯನ್ನು ಕಣ್ಣಿಂದಲೂ ನೋಡದೆ “ಈ ಬಣ್ಣ ನಿಮ್ಮ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ” ಎನ್ನುವುದು ಆ ಕಸುಬಿನ ಧರ್ಮ. ಅದನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವನು ನಂಬಿದ್ದ. ಇಂಥ ನಿರುಪದ್ರವಿ ಮನುಷ್ಯ ಇನ್ವರ್‌ಡೌರಿಯ ಬೆಟ್ಟ ಹತ್ತುವವರ ಸಂಘದ ಸಭೆಯಲ್ಲಿ, ಅದೂ ಬಾರ್ಲಿ ಸೂಪು ಕುಡಿಯುತ್ತಾ ಕುಡಿಯುತ್ತಾ, ಒಂದು ಇಡುಗಂಟು ಸುಳ್ಳನ್ನು ಹೇಳಿಬಿಟ್ಟ.

ತಪ್ಪು ಪೂರ್ತಿ ಅವನದಲ್ಲ. ಸಂಘದ ಅಧ್ಯಕ್ಷರಾದ ಫಾರ್ಕರ್ ನಿವೃತ್ತ ಹಲ್ಲಿನ ಡಾಕ್ಟರು. ಹೆಚ್ಚುಕಡಿಮೆ ಊರಿನ ಎಲ್ಲರ ಬಾಯಿಯೊಳಗೂ ಕೈ ಹಾಕಿದ ಮನುಷ್ಯ. ಅವರು ಎದುರಿಗೆ ನಿಂತು ಏನಾದರೂ ಕೇಳಿದರೆ ಜನ ಉತ್ತರ ಕೊಡುವುದು ಬಿಟ್ಟು ಸುಮ್ಮನೆ ಬಾಯಿ ತೆರೆದುಕೊಂಡು ಕೂರುತ್ತಿದ್ದರು. ಹೊಸ ವರ್ಷದ ಹಿಂದಿನ ರಾತ್ರಿ ಬೆನ್ ಡೌರಿ ಬೆಟ್ಟದ ನೆತ್ತಿಯ ಮೇಲೆ, ಹಿಮದಲ್ಲಿ, ತಾವೊಬ್ಬರೇ ಮಲಗಿದ್ದ ಕಥೆ ಅವರ ಆಸ್ತಿ. ಎಲ್ಲರಿಗೂ ಬಾಯಿಪಾಠವಾಗಿದ್ದ ಆ ಕಥೆಯನ್ನು ಆ ಸಂಜೆ ಮತ್ತೊಮ್ಮೆ ಹೇಳಿ ಮುಗಿಸಿ ಅವರು ಆರ್ಚಿಯ ಕಡೆ ತಿರುಗಿದರು.

“ನೀವು ಹೇಗೆ, ಪೆಟಿಗ್ರೂ? ಬಯಲಲ್ಲಿ ಮಲಗಿದ ಅಭ್ಯಾಸ ಏನಾದ್ರೂ ಇದೆಯೋ, ಇಲ್ಲ ಸೂಪಿಗಷ್ಟೇ ಬರೋದೋ?”

ಮೇಜಿನ ಸುತ್ತ ನಗೆ ಎದ್ದಿತು. ಆರ್ಚಿ ಸಂಘಕ್ಕೆ ಬರುತ್ತಿದ್ದದ್ದು ನಿಜವಾಗಿಯೂ ಸೂಪಿಗೇ. ಹಾಗಾಗಿ ಮಾತು ನೆಟ್ಟಗೆ ಹೋಗಿ ತಾಕಿತು.

“ನಾನು ಅದನ್ನೆಲ್ಲ ಹೇಳ್ಕೊಂಡು ತಿರುಗಲ್ಲ, ಅಷ್ಟೇ,” ಎಂದ ಆರ್ಚಿ. “ಒಬ್ಬನೇ ಹೋಗ್ತೀನಿ, ಒಬ್ಬನೇ ಮಲಗ್ತೀನಿ. ಬೇಸಿಗೆ, ಚಳಿಗಾಲ ಅಂತೆಲ್ಲ ನೋಡಲ್ಲ. ವರ್ಷಪೂರ್ತಿ.”

“ಹೌದಾ! ಯಾವ ಟೆಂಟು?”

“ಅದೇ... ಬದಲಾಯಿಸ್ತಾ ಇದೀನಿ. ಹಳೇದು ಭಾರ ಅನ್ನಿಸ್ತು.”

“ಭೇಷ್! ಮುಂದಿನ ತಿಂಗಳ ಸಭೆಗೆ ಹೊಸದನ್ನ ತಂದು ತೋರಿಸಿ. ‘ಎಲ್ಲ ಕಾಲಕ್ಕೂ ಒಂದೇ ಒಂಟಿ ಗುಡಾರ, ಅದರ ಆಯ್ಕೆ ಹೇಗೆ’ ಅಂತ ನಿಮ್ಮದೊಂದು ಭಾಷಣ ಇಟ್ಕೊಳ್ಳೋಣ.”

ಆರ್ಚಿ ಬಾಯಿ ತೆರೆದ. ಅದನ್ನು ಮುಚ್ಚುವಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿಯಾಗಿತ್ತು. ಅಪೆಂಡಿಕ್ಸ್ ತೆಗೆಸಿಕೊಂಡಾಗಿನ ಆಸ್ಪತ್ರೆ ವಾಸ ಬಿಟ್ಟರೆ, ಮದುವೆಯಾದ ಮೇಲೆ ಅವನು ಹೆಂಡತಿ ಇಶ್ಬೆಲ್‌ಳ ಪಕ್ಕದಲ್ಲಲ್ಲದೆ ಬೇರೆಲ್ಲೂ ಮಲಗಿದವನಲ್ಲ.

ಹೆದರಬೇಕಾಗಿದ್ದದ್ದು ಸಂಘಕ್ಕಲ್ಲ, ಆ ಇಶ್ಬೆಲ್‌ಳಿಗೆ. ಅವರ ಮನೆಯ ನಡುವೆ ಒಂದು ಗೋಡೆ ಬೀರು ಇತ್ತು. ಅದರೊಳಗೆ ಆರ್ಚಿಯ ಹಿಂದಿನ ಹುಚ್ಚುಗಳೆಲ್ಲ ಸಮಾಧಿಯಾಗಿದ್ದವು. ಒಂದೇ ರಾಗ ಬರುವ ಅಕಾರ್ಡಿಯನ್ನು, ನೆರೆಮನೆಯ ಚಿಮಣಿಯನ್ನು ಮಾತ್ರ ಚೆನ್ನಾಗಿ ತೋರಿಸುವ ದುರ್ಬೀನು, ಜೇನು ಸಾಕುವವರ ಮುಸುಕು (ಜೇನುಗಳು ಬರಲೇ ಇಲ್ಲ), ಗಾಳಿ ತುಂಬುವ ದೋಣಿ. ಇಸ್ತ್ರಿ ಹಲಗೆ ತೆಗೆಯಲು ಹೋದ ಇಶ್ಬೆಲ್‌ಳ ಕಾಲ ಮೇಲೆ ಅಕಾರ್ಡಿಯನ್ನು ರಾಗ ಸಮೇತ ಬಿದ್ದ ದಿನ ಅವಳು ಒಂದು ಮಾತು ಆಡಿದ್ದಳು.

“ಆರ್ಚಿ, ಇನ್ನೊಂದು ಸಾಮಾನು ಈ ಮನೆ ಒಳಗೆ ಬಂತು ಅಂದ್ರೆ ನಾನು ಹೊರಗೆ. ತಿಳ್ಕೊಂಡಿರು.”

ಇಶ್ಬೆಲ್ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವಳು. ರೊಟ್ಟಿ ಇಷ್ಟು ಹೊತ್ತಿಗೆ ಆಚೆ ಬರುತ್ತದೆ ಎಂದರೆ ಅಷ್ಟು ಹೊತ್ತಿಗೆ ಬಂದೇ ಬರುತ್ತಿತ್ತು. ಅವಳ ಮಾತೂ ಹಾಗೆಯೇ. ಅಬರ್ಡೀನಿನಲ್ಲಿ ಅವಳ ಅಕ್ಕ ಒಂದು ಕೋಣೆಯನ್ನು ಸದಾ ಗುಡಿಸಿಟ್ಟುಕೊಂಡು ಕಾಯುತ್ತಿರುವುದು ಆರ್ಚಿಗೆ ಗೊತ್ತಿತ್ತು. ಇಶ್ಬೆಲ್ ಇಲ್ಲದ ಮನೆಯನ್ನು ನೆನೆಸಿಕೊಂಡರೆ ಅವನಿಗೆ ಹೆದರಿಕೆಯಾಗುತ್ತಿತ್ತು. ಅದು ಕೇವಲ ಅಡಿಗೆಯ ಭಯವಲ್ಲ. ಅವಳನ್ನು ಕಂಡರೆ ಅವನಿಗೆ ಬಹಳ ಪ್ರೀತಿ. ಬಾಯಿಬಿಟ್ಟು ಹೇಳುವ ಪದ್ಧತಿ ಮಾತ್ರ ಆ ಊರಿನ ಗಂಡಸರಲ್ಲಿ ಇರಲಿಲ್ಲ.

ಹೀಗಾಗಿ ಗುಡಾರದ ಆಯ್ಕೆ ಗುಟ್ಟಾಗಿ ಶುರುವಾಯಿತು. ಸರಕೆಲ್ಲ ಅಂಗಡಿಯ ವಿಳಾಸಕ್ಕೆ ಬರಬೇಕು, ಮನೆಗೆ ಬರಬಾರದು. ಇಶ್ಬೆಲ್ ಬೆಳಗಾಗುವ ಮುಂಚೆ ಬೇಕರಿಗೆ ಹೋದ ಮೇಲೆ ಪರೀಕ್ಷೆ. ಅವಳು ಬರುವಷ್ಟರಲ್ಲಿ ಎಲ್ಲ ಮಾಯ.

ಒಂಟಿ ಗುಡಾರ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟವೆಂದು ಆರ್ಚಿಗೆ ಬೇಗ ಅರ್ಥವಾಯಿತು. ಹಗುರವಾದದ್ದು ಗಾಳಿಗೆ ನಿಲ್ಲುವುದಿಲ್ಲ, ಗಾಳಿಗೆ ನಿಲ್ಲುವುದು ಹಗುರವಿರುವುದಿಲ್ಲ. ಮಳೆ ತಡೆಯುವುದು ಒಳಗಿನ ಉಸಿರನ್ನೂ ತಡೆದು, ಮಲಗಿದವನ ಉಸಿರೇ ನೀರಾಗಿ ಅವನ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಬೇಸಿಗೆಗೆ ಸೊಳ್ಳೆಪರದೆ ಬೇಕು, ಚಳಿಗಾಲಕ್ಕೆ ಅದೇ ಪರದೆಯಿಂದ ಹಿಮ ನುಗ್ಗುತ್ತದೆ. ಬಲ್ಲವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಹಗುರ, ಹಗುರ, ಆದಷ್ಟೂ ಹಗುರ.

ಈ ಹಗುರದ ಹುಚ್ಚು ಆರ್ಚಿಗೆ ಜ್ವರದ ಹಾಗೆ ಏರಿತು. ಇಶ್ಬೆಲ್ ಹಿಟ್ಟು ತೂಗುವ ತಕ್ಕಡಿಯಲ್ಲಿ ಅವನು ತನ್ನ ಸಾಮಾನೆಲ್ಲ ತೂಗತೊಡಗಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕೊಯ್ದು ಕಸದ ಬುಟ್ಟಿಗೆ ಎಸೆದ. ಅಂಗಿ, ಪ್ಯಾಂಟು, ಒಳಚಡ್ಡಿಗಳ ಕೊರಳಪಟ್ಟಿ, ಸೊಂಟಪಟ್ಟಿಗಳಲ್ಲಿದ್ದ ಲೇಬಲ್ಲುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದ. ತನ್ನ ಹೊಟ್ಟೆಯ ತೂಕದ ಬಗ್ಗೆ ಮಾತ್ರ ಅವನಿಗೆ ಯಾವ ಯೋಚನೆಯೂ ಬರಲಿಲ್ಲ.

ಮೊದಲು ಬಂದದ್ದು ಚೀಲದಂಥ ಗುಡಾರ. ಕೋಲಿಲ್ಲ, ಗೂಟವಿಲ್ಲ, ಒಳಗೆ ತೂರಿಕೊಂಡು ಮುಖದ ಹತ್ತಿರ ದಾರ ಎಳೆದುಕೊಂಡರೆ ಮುಗಿಯಿತು. ಆರ್ಚಿ ಅದನ್ನು ಒಂದು ಮುಂಜಾನೆ ಮನೆಯ ಹಿಂದಿನ ಹುಲ್ಲಿನಂಗಳಕ್ಕೆ ಒಯ್ದ. ಉತ್ಸಾಹದಲ್ಲಿ ಅವತ್ತು ಸೋಮವಾರ ಎಂಬುದನ್ನು ಮರೆತ.

ಆ ಕಟ್ಟಡದಲ್ಲಿ ಮೇಲೆ ಕೆಳಗೆ ಸೇರಿ ನಾಲ್ಕು ಮನೆ. ಬಟ್ಟೆ ಒಣಗಿಸುವ ಅಂಗಳ ಒಂದೇ. ಸೋಮವಾರ ಕೆಳಮನೆಯ ಮಿಸೆಸ್ ರಟ್ರೇಯದು, ಬುಧವಾರ ಪೆಟಿಗ್ರೂ ಮನೆಯದು, ಉಳಿದ ದಿನಗಳು ಉಳಿದವರದು. ಅಜ್ಜಿಯರ ಕಾಲದಿಂದ ಬಂದ ಈ ಏರ್ಪಾಡನ್ನು ಮೀರಿ ಸೋಮವಾರ ಒಂದು ಕರವಸ್ತ್ರ ಒಣಹಾಕಿದ ಸಂಸಾರವೊಂದು ಕೊನೆಗೆ ಊರೇ ಬಿಟ್ಟುಹೋಗಿತ್ತು. ರಟ್ರೇಯಮ್ಮ ವಿಧವೆ. ಕೊಲೆಗಳ ಪುಸ್ತಕ ಓದುವುದು ಅವಳ ಹವ್ಯಾಸ. ಕೊಲೆಗಾರ ಯಾರೆಂದು ಮೂರನೆಯ ಪುಟದಲ್ಲೇ ಹೇಳಿಬಿಡುತ್ತಿದ್ದಳು, ಅದು ಪ್ರತಿಸಲವೂ ತಪ್ಪಾಗುತ್ತಿತ್ತು.

ಅವಳು ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದಾಗ ತನ್ನ ಹಗ್ಗದ ಕೆಳಗೆ ಒಂದು ಆಳುದ್ದದ ಹಸಿರು ಮೂಟೆ, ತಲೆಯ ಕಡೆ ದಾರ ಬಿಗಿದುಕೊಂಡು, ಅಂಗಾತ ಮಲಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ರಟ್ರೇಯಮ್ಮ ಬುಟ್ಟಿಯನ್ನು ಕೆಳಗಿಟ್ಟಳು.

“ಹೆಣ ಆಗಿದ್ರೂ ಸರಿ,” ಎಂದಳು, “ಸೋಮವಾರ ನನ್ನದು.”

ಮೂಟೆ ಬೆಚ್ಚಿ ಹೊರಳಿತು. ದಾರ ಸಡಿಲವಾಗಿ, ಬೆವರಿನಿಂದ ತೊಯ್ದ ಆರ್ಚಿಯ ಮೂಗು ಹೊರಗೆ ಬಂತು.

“ಗುಡ್ ಮಾರ್ನಿಂಗ್, ಮಿಸೆಸ್ ರಟ್ರೇ. ಚೀಲ ಒಣಗಿಸ್ತಾ ಇದ್ದೆ.”

“ಒಳಗೆ ಮಲಕ್ಕೊಂಡಾ?”

“ಬೇಗ ಒಣಗುತ್ತೆ ಅಂತ.”

ಅವನು ಚೀಲದೊಳಗೇ ಕುಪ್ಪಳಿಸುತ್ತಾ ಮೆಟ್ಟಿಲ ಕಡೆ ಹೋಗುವುದನ್ನು ರಟ್ರೇಯಮ್ಮ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ನೋಡಿದಳು. ಮಧ್ಯಾಹ್ನ ಇಶ್ಬೆಲ್ ಬೇಕರಿಯಿಂದ ಬಂದಾಗ ಮೆಟ್ಟಿಲ ಬುಡದಲ್ಲೇ ತಡೆದಳು.

“ಅಲ್ಲ ಕಣೇ ಇಶ್ಬೆಲ್, ನಿನ್ನ ಹೆಸರಿಗೆ ವಿಮೆ ಏನಾದ್ರೂ ಇದೆಯಾ?”

“ಯಾಕೆ?”

“ಸುಮ್ಮನೆ ಕೇಳಿದೆ. ನೀನೂ ಆರ್ಚಿಯೂ ಒಂದೇ ಎತ್ತರ, ಅಲ್ವಾ? ಒಂದು ಚೀಲ ಅವನಿಗೆ ಸರಿಹೋದ್ರೆ ನಿನಗೂ ಸರಿಹೋಗುತ್ತೆ.”

ಇಶ್ಬೆಲ್ ನಕ್ಕುಬಿಟ್ಟಳು. ಗಂಡ ಒಂದು ಕೋಳಿಯನ್ನೂ ಕೊಲ್ಲಲಾರ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ಸಂಜೆ ಕಸದ ಬುಟ್ಟಿ ಖಾಲಿ ಮಾಡುವಾಗ ಅವಳ ಕೈಗೆ ಬ್ರಷ್ಷಿನ ಹಿಡಿ ಸಿಕ್ಕಿತು. ಹಿಡಿ ಇದೆ, ಕೂದಲಿನ ಭಾಗ ಇಲ್ಲ. ಮರುದಿನ ಒಗೆಯಲು ತೆಗೆದ ಅಂಗಿಗಳಲ್ಲಿ ಒಂದಕ್ಕೂ ಲೇಬಲ್ಲಿಲ್ಲ. ತಕ್ಕಡಿಯ ತಟ್ಟೆಯಲ್ಲಿ ಗಂಡಸರ ಕಾಲುಚೀಲವೊಂದು ಮರೆತು ಕುಳಿತಿತ್ತು. ಈ ಮೂರನ್ನೂ ಅವಳು ತಾನಾಗಿಯೇ ಕೆಳಮನೆಗೆ ಒಯ್ದು ತೋರಿಸಿದಳು. ಅನುಮಾನ ಬಂದಾಗ ಜನ ಅನುಮಾನದಲ್ಲಿ ತಮಗಿಂತ ಪಳಗಿದವರ ಹತ್ತಿರವೇ ಹೋಗುವುದು.

“ಲೇಬಲ್ ಕತ್ತರಿಸೋದು ಯಾರು ಗೊತ್ತಾ?” ಎಂದಳು ರಟ್ರೇಯಮ್ಮ, ಟೀ ಬಗ್ಗಿಸುತ್ತಾ. “ಗುರುತು ಅಳಿಸ್ಕೊಂಡು ಹೊಸ ಹೆಸರಲ್ಲಿ ಬೇರೆ ಕಡೆ ಬದುಕೋಕೆ ಹೊರಟೋರು.”

“ಬ್ರಷ್ಷು?”

“ಹಿಡಿ ಇಲ್ಲಿದೆ. ಅಂದ್ಮೇಲೆ ಕೂದಲು ಎಲ್ಲೋ ಇದೆ. ಎಲ್ಲಿ ಕೂದಲಿದೆಯೋ ಅಲ್ಲಿ ಅವನು ಹಲ್ಲುಜ್ಜುತಾನೆ. ಎಲ್ಲಿ ಹಲ್ಲುಜ್ಜುತಾನೋ ಅಲ್ಲಿ...” ಅವಳು ಮಾತು ನಿಲ್ಲಿಸಿ ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ತಳ್ಳಿದಳು. “ತಗೋ, ಧೈರ್ಯ ತಂದ್ಕೋ.”

ಅವತ್ತಿನಿಂದ ಇಶ್ಬೆಲ್ ನಗಲಿಲ್ಲ.

ಆರ್ಚಿಗೆ ಇದೊಂದೂ ತಿಳಿಯದು. ಚೀಲ ಅವನಿಗೆ ಒಗ್ಗಲಿಲ್ಲ. ಒಳಗೆ ಕಡುಬಿನ ಹಾಗೆ ಬೆಂದಿದ್ದ. ಅದನ್ನು ವಾಪಸು ಕಳಿಸಿ ಒಂದು ತೆಳ್ಳನೆಯ ಟಾರ್ಪಾಲು ತರಿಸಿದ. ಬರೀ ಬಟ್ಟೆ, ಎರಡು ಊರುಗೋಲು, ನಾಲ್ಕಾರು ಗೂಟ. ಅಷ್ಟು ಹಗುರವಾದದ್ದು ಪ್ರಪಂಚದಲ್ಲೇ ಇಲ್ಲ. ಅಂಗಡಿ ಮುಚ್ಚಿದ ಮೇಲೆ ಅದನ್ನು ನದಿಯ ದಂಡೆಯಲ್ಲಿ ಕಟ್ಟಿ, ಕೆಳಗೆ ಕೂತು, ಸಂಜೆಯ ಬಿಸಿಲನ್ನು ನೋಡುತ್ತಾ ತಾನು ಎಂಥ ಒಂಟಿ ಸಲಗ ಎಂದು ಹೆಮ್ಮೆಪಡುತ್ತಿರುವಾಗ ನೊರಜುಗಳು ಬಂದವು.

ಆ ಸೀಮೆಯ ನೊರಜುಗಳ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು. ಟಾರ್ಪಾಲಿಗೆ ಬಾಗಿಲಿಲ್ಲ, ಪರದೆಯಿಲ್ಲ. ಆರ್ಚಿ ಮನೆಗೆ ಓಡಿಬಂದಾಗ ಅವನ ಮುಖ, ಕಿವಿ, ಕತ್ತು ಎಲ್ಲ ಕೆಂಪು ಬೊಕ್ಕೆಗಳಿಂದ ತುಂಬಿಹೋಗಿತ್ತು.

“ಕತ್ತಿನ ಮೇಲೆ ಏನದು?” ಎಂದಳು ಇಶ್ಬೆಲ್.

“ಸ್ಟ್ರಾಬೆರಿ ತಿಂದೆ. ಒಗ್ಗಲಿಲ್ಲ ಅಂತ ಕಾಣುತ್ತೆ.”

ಈ ಉತ್ತರ ಮೆಟ್ಟಿಲಿಳಿದು ಕೆಳಮನೆ ಸೇರಲು ತಡವಾಗಲಿಲ್ಲ.

“ಸ್ಟ್ರಾಬೆರಿ!” ಎಂದಳು ರಟ್ರೇಯಮ್ಮ. “ಅದು ನೊರಜು ಕಡಿದದ್ದು, ಎಂಥ ಕುರುಡನಿಗೂ ಗೊತ್ತಾಗುತ್ತೆ. ಯಾಕೆ ಮುಚ್ಚಿಟ್ಟ? ಯೋಚನೆ ಮಾಡು. ನೊರಜು ನಡೆಯೋರನ್ನ ಕಡಿಯಲ್ಲ. ನದಿ ದಂಡೇಲಿ, ಸಂಜೆ ಹೊತ್ತು, ಅಲ್ಲಾಡದೆ ಕೂತೋರನ್ನ ಕಡಿಯುತ್ತೆ. ಈ ಊರಲ್ಲಿ ಹುಟ್ಟಿ ಬೆಳೆದ ಯಾವ ಗಂಡಸಾದ್ರೂ ಸಂಜೆ ಹೊತ್ತು ನದಿ ದಂಡೇಲಿ ಒಬ್ಬನೇ ಅಲ್ಲಾಡದೆ ಕೂರ್ತಾನಾ?”

ಇಶ್ಬೆಲ್ ತಲೆಯಾಡಿಸಿದಳು. ಯಾರೂ ಕೂರುವುದಿಲ್ಲ. ಎಷ್ಟೋ ವರ್ಷಗಳ ಹಿಂದೆ, ಮದುವೆಗೆ ಮುಂಚೆ, ಆರ್ಚಿಯೂ ತಾನೂ ಅದೇ ದಂಡೆಯಲ್ಲಿ ಕೂತು ಮೈಯೆಲ್ಲ ಕಡಿಸಿಕೊಂಡದ್ದು ಅವಳಿಗೆ ನೆನಪಾಯಿತು. ಆಗ ಅವನು ಕದಲಿರಲಿಲ್ಲ. ಅದನ್ನು ರಟ್ರೇಯಮ್ಮನಿಗೆ ಹೇಳದೆ ಅವಳು ಮೇಲೆ ಹೋಗಿ, ಅಬರ್ಡೀನಿನ ಅಕ್ಕನಿಗೆ ಫೋನು ಮಾಡಿ, ಕೋಣೆ ಖಾಲಿ ಇದೆಯೇ ಎಂದು ಕೇಳಿದಳು.

ಆ ಮಾತನ್ನು ಪಡಸಾಲೆಯಲ್ಲಿ ನಿಂತಿದ್ದ ಆರ್ಚಿ ಕೇಳಿಸಿಕೊಂಡ. ಗುಡಾರದ ವಿಷಯ ಹೇಗೋ ಗೊತ್ತಾಗಿದೆ, ಹೊಸ ಸಾಮಾನಿನ ವಾಸನೆ ಅವಳಿಗೆ ಹತ್ತಿದೆ ಎಂದುಕೊಂಡ. ಇನ್ನು ಒಂದೇ ಒಂದು ಗುಡಾರ, ಅದನ್ನು ಸಂಘದಲ್ಲಿ ತೋರಿಸಿ, ಮರುದಿನವೇ ವಾಪಸು ಕಳಿಸಿ, ಜನ್ಮದಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ ಎಂದು ಹರಕೆ ಹೊತ್ತ. ಅವಸರದಲ್ಲಿ ಫೋನಿನಲ್ಲಿ ವಿಳಾಸ ಹೇಳುವಾಗ ಅಂಗಡಿಯದರ ಬದಲು ಮನೆಯದನ್ನು ಹೇಳಿಬಿಟ್ಟ.

ಪಾರ್ಸೆಲ್ಲು ಬುಧವಾರ ಬಂತು. ಮೇಲಿನ ಮನೆಗೆ ಬೀಗ. ಅಂಚೆಯವನು ಆ ಊರಿನ ರೂಢಿಯಂತೆ ಕೆಳಮನೆಯಲ್ಲಿ ಕೊಟ್ಟುಹೋದ.

ರಟ್ರೇಯಮ್ಮ ಅದನ್ನು ಕೈಗೆತ್ತಿಕೊಂಡು ಬೆಚ್ಚಿದಳು. ತೂಕವೇ ಇಲ್ಲ. ಮೂಗಿಗೆ ಹಿಡಿದು ನೋಡಿದಳು, ಕಿವಿಗೆ ಹಿಡಿದು ಅಲ್ಲಾಡಿಸಿದಳು, ಕೊನೆಗೆ ಕಾಗದದ ಮೇಲಿಂದ ಬೆರಳಲ್ಲಿ ಒತ್ತಿದಳು. ಒಳಗೆ ಏನೋ ನುಣ್ಣಗೆ ಜಾರಿತು. ಇಶ್ಬೆಲ್ ಬಂದವಳೇ ಅವಳೂ ಒತ್ತಿದಳು.

“ರೇಷ್ಮೆ,” ಎಂದಳು ರಟ್ರೇಯಮ್ಮ.

“ನನಗೆ ಅವನು ಜನ್ಮದಲ್ಲಿ ರೇಷ್ಮೆ ತಂದುಕೊಟ್ಟಿಲ್ಲ,” ಎಂದಳು ಇಶ್ಬೆಲ್. “ಕಳೆದ ಕ್ರಿಸ್ಮಸ್ಸಿಗೆ ಕಾಲೊರೆಸೋ ಚಾಪೆ ಕೊಟ್ಟ. ಅಂಗಡೀಲಿ ಉಳಿದಿತ್ತಂತೆ.”

“ನಿನಗೆ ಅಂತ ಯಾರು ಹೇಳಿದ್ರು?”

ಬಿಚ್ಚಿ ನೋಡಲು ಇಬ್ಬರಿಗೂ ಕೈ ತುರಿಸುತ್ತಿತ್ತು. ಆದರೆ ಇನ್ನೊಬ್ಬರ ಹೆಸರಿನ ಪಾರ್ಸೆಲ್ಲು ಒಡೆಯುವುದು ಅಪರಾಧ ಎಂಬುದು ರಟ್ರೇಯಮ್ಮನಿಗೆ ಕೊಲೆಯ ಪುಸ್ತಕಗಳಿಂದ ಗೊತ್ತಿತ್ತು. ಆದ್ದರಿಂದ ಅವಳು ಊರಿನ ಏಕಮಾತ್ರ ಕಾನ್‌ಸ್ಟೇಬಲ್ ಗೇವಿನ್‌ನನ್ನು ಕರೆಸಿದಳು. ಗೇವಿನ್ ಆರಡಿ ಆಳು. ಆದರೆ ಅವನಿಗೆ ತೊಟ್ಟಿಲಲ್ಲಿ ಬಟ್ಟೆ ಬದಲಾಯಿಸಿದವಳು ರಟ್ರೇಯಮ್ಮನೇ ಆದ್ದರಿಂದ ಅವಳ ಮುಂದೆ ಅವನ ಸಮವಸ್ತ್ರ ನಡೆಯುತ್ತಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಬಂದ ಆರ್ಚಿಗೆ ಕಂಡದ್ದು ಅಡಿಗೆಮನೆಯ ಮೇಜು. ಅದರ ಮೇಲೆ ಊಟವಿರಲಿಲ್ಲ, ಪಾರ್ಸೆಲ್ಲಿತ್ತು. ಸುತ್ತ ಹೆಂಡತಿ, ನೆರೆಯವಳು, ಪೊಲೀಸು. ಬಾಗಿಲ ಪಕ್ಕದಲ್ಲಿ ಇಶ್ಬೆಲ್‌ಳ ಸೂಟ್‌ಕೇಸು.

“ಕೂತ್ಕೊಳ್ಳಿ, ಮಿಸ್ಟರ್ ಪೆಟಿಗ್ರೂ,” ಎಂದ ಗೇವಿನ್ ಮುಜುಗರದಿಂದ. “ಇದು ಕೇಸಲ್ಲ. ಸುಮ್ಮನೆ ವಿಚಾರ.”

“ಬಿಚ್ಚು,” ಎಂದಳು ಇಶ್ಬೆಲ್.

ಆರ್ಚಿ ಸೂಟ್‌ಕೇಸನ್ನು ನೋಡಿದ. ಕಾಗದ ಹರಿದ. ಹಸಿರು ಬಟ್ಟೆ ಮೇಜಿನಿಂದ ಜಾರಿ, ನೆಲಕ್ಕಿಳಿದು, ಇಳಿಯುತ್ತಲೇ ಇತ್ತು.

“ಅಯ್ಯೋ ದೇವರೇ,” ಎಂದಳು ರಟ್ರೇಯಮ್ಮ, “ಎಷ್ಟು ದಪ್ಪ ಇದ್ದಾಳೆ ಅವಳು!”

“ಯಾರು?”

“ಇದನ್ನ ಉಟ್ಕೊಳ್ಳೋಳು!”

“ಉಟ್ಕೊಳ್ಳೋದಾ? ಇದು ಟೆಂಟು, ಮಾರಾಯ್ತಿ!” ಆರ್ಚಿಗೆ ಅಳು ಬಂತು. “ಬಯಲಲ್ಲಿ ಮಲಗೋ ಟೆಂಟು!”

“ಮಲಗೋದು ಒಪ್ಪಿಕೊಂಡ,” ಎಂದಳು ರಟ್ರೇಯಮ್ಮ ಗೇವಿನ್‌ಗೆ. “ಜೊತೆಗೆ ಯಾರು ಅಂತ ಕೇಳು.”

“ಜೊತೆಗೆ ಯಾರೂ ಇಲ್ಲ! ಇದರಲ್ಲಿ ಇಬ್ಬರು ಹಿಡಿಸೋದೇ ಇಲ್ಲ! ಒಬ್ಬರಿಗೇ ಅಂತ ಹುಡುಕಿ ಹುಡುಕಿ ತರಿಸಿದ್ದು!”

ಗೇವಿನ್‌ನ ಮುಖ ಅರಳಿತು. ಕೊನೆಗೂ ಪರೀಕ್ಷಿಸಿ ನೋಡಬಹುದಾದ ಸಾಕ್ಷ್ಯವೊಂದು ಸಿಕ್ಕಿತ್ತು. “ಹಾಗಾದ್ರೆ ಕಟ್ಟಿ ನೋಡೇಬಿಡೋಣ,” ಎಂದ.

“ಇವತ್ತು ಬುಧವಾರ. ನಿಮ್ಮದೇ ದಿನ,” ಎಂದು ರಟ್ರೇಯಮ್ಮ ಅಂಗಳಕ್ಕೆ ಅಪ್ಪಣೆ ಕೊಟ್ಟಳು.

ಒಂಟಿಕೋಲಿನ ಗುಡಾರ. ನಡುವೆ ಊರುಗೋಲು ನಿಲ್ಲಿಸಿ ಸುತ್ತ ಗೂಟ ಹೊಡೆದರೆ ಕಾಗದದ ಟೋಪಿಯ ಹಾಗೆ ನಿಲ್ಲಬೇಕು. ವರ್ಷಪೂರ್ತಿ ಬಯಲಲ್ಲಿ ಮಲಗುವ ಆರ್ಚಿ ಅದನ್ನು ಮೊದಲು ತಲೆಕೆಳಗಾಗಿ ಕಟ್ಟಿದ, ಆಮೇಲೆ ಒಳಗು ಹೊರಗಾಗಿ. ಕೊನೆಗೆ ಗೇವಿನ್ ಕೈಹಚ್ಚಿದ. ಸುತ್ತಲಿನ ಕಿಟಕಿಗಳೆಲ್ಲ ತೆರೆದುಕೊಂಡವು. ಬಂದೋಬಸ್ತು ಆದ ಮೇಲೆ ಗೇವಿನ್ ಗಂಡಹೆಂಡಿರನ್ನು ಒಳಗೆ ಹೋಗಲು ಕೇಳಿಕೊಂಡ.

ಮೊದಲು ಆರ್ಚಿ ತೆವಳಿದ. ಹಿಂದೆ ಇಶ್ಬೆಲ್ ತೆವಳಿದಳು. ಹೊರಗಿನಿಂದ ನೋಡುವವರಿಗೆ ಒಂದು ಕಡೆ ಮೊಣಕೈ ಉಬ್ಬಿತು, ಇನ್ನೊಂದು ಕಡೆ ಸೊಂಟ ಉಬ್ಬಿತು. ಕೋಲು ವಾಲಿತು.

“ನಿನ್ನ ಮೊಣಕಾಲು ತೆಗಿ!”

“ಅದು ನನ್ನದಲ್ಲ, ನಿನ್ನದೇ!”

“ಜಿಪ್ಪು ಹಾಕಿ,” ಎಂದಳು ರಟ್ರೇಯಮ್ಮ. “ಜಿಪ್ಪು ಹಾಕದೆ ಹಿಡಿಸ್ತು ಅಂತ ಹೇಳೋಕಾಗಲ್ಲ.”

ಜಿಪ್ಪು ಅರ್ಧಕ್ಕೆ ಬಂದು ಇಶ್ಬೆಲ್‌ಳ ಸ್ವೆಟರಿಗೆ ಕಚ್ಚಿಕೊಂಡಿತು. ಮುಂದೆ ಹೋಗದು, ಹಿಂದೆ ಬಾರದು. ಗೇವಿನ್ ಸುತ್ತ ಒಂದು ಪ್ರದಕ್ಷಿಣೆ ಬಂದು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: “ಇಬ್ಬರು ಹಿಡಿಸೋದಿಲ್ಲ. ಮಿಸ್ಟರ್ ಪೆಟಿಗ್ರೂ ನಿರ್ದೋಷಿ.”

ಕಿಟಕಿಗಳಿಂದ ಚಪ್ಪಾಳೆ ಬಿತ್ತು. ರಟ್ರೇಯಮ್ಮ ಕೂಡ, ನಿರಾಸೆಯಿಂದಲೇ ಆದರೂ, ಎರಡು ಸಲ ತಟ್ಟಿದಳು. ಗುಡಾರದೊಳಗೆ ಆರ್ಚಿ ನಿಟ್ಟುಸಿರು ಬಿಟ್ಟ. ಅವನ ಮೂಗು ಇಶ್ಬೆಲ್‌ಳ ಕಿವಿಗೆ ತಾಗಿಕೊಂಡಿತ್ತು.

“ಕೇಳಿದ್ಯಾ? ಬೇರೆ ಯಾರಿಗೂ ಜಾಗ ಇಲ್ಲ ಇಲ್ಲಿ.”

“ಕೇಳಿದೆ,” ಎಂದಳು ಇಶ್ಬೆಲ್ ಮೆಲ್ಲಗೆ. “ನನಗೂ ಇಲ್ಲ.”

ಆರ್ಚಿ ಮೊಣಕೈ ಹಿಂದಕ್ಕೆಳೆದು ಅವಳಿಗೆ ಜಾಗ ಮಾಡಲು ನೋಡಿದ.

“ಇನ್ನೊಬ್ಬಳು ಇದ್ದಿದ್ರೆ ಹೋಗಿ ಜಗಳ ಆಡಿ ಬರ್ತಿದ್ದೆ, ಆರ್ಚಿ. ಅವಳಿಗಿಂತ ನಾನು ಏನು ಕಡಿಮೆ ಅಂತ ಕೇಳ್ತಿದ್ದೆ. ಯಾರೂ ಬೇಡ ಅಂತ ಒಂದು ಮನೆ ಹುಡುಕಿದ್ದೀಯಲ್ಲ, ಈಗ ನಾನು ಯಾರ ಹತ್ರ ಜಗಳ ಆಡ್ಲಿ?”

ಆರ್ಚಿ ಉತ್ತರ ಕೊಡುವಷ್ಟರಲ್ಲಿ ಹೊರಗೆ ಪರಿಚಿತವಾದ ದನಿಯೊಂದು ಕೇಳಿಸಿತು. ಭಾಷಣದ ತಯಾರಿ ವಿಚಾರಿಸಲು ಅಧ್ಯಕ್ಷ ಫಾರ್ಕರ್ ಬಂದಿದ್ದರು. ಅಂಗಳದಲ್ಲಿದ್ದವರೆಲ್ಲ ಅವರನ್ನು ಕಂಡು ಅಭ್ಯಾಸಬಲದಿಂದ ಬಾಯಿ ತೆರೆದರು.

“ಪೆಟಿಗ್ರೂ! ಹೊಸ ಟೆಂಟು! ಭೇಷ್! ಆದ್ರೆ ಒಳಗೆ ಇಬ್ಬರು ಇರೋ ಹಾಗಿದೆ? ವರ್ಷಪೂರ್ತಿ ಒಬ್ಬನೇ ಬೆಟ್ಟದ ಮೇಲೆ ಮಲಗ್ತೀನಿ ಅಂದಿದ್ರಿ?”

ಜಿಪ್ಪಿನ ಸಂದಿನಿಂದ ಇಶ್ಬೆಲ್‌ಳ ತಲೆ ಹೊರಗೆ ಬಂತು. ಊರಿನಲ್ಲಿ ಫಾರ್ಕರರ ಕುರ್ಚಿಯಲ್ಲಿ ಒಮ್ಮೆಯೂ ಕೂರದವಳು ಅವಳೊಬ್ಬಳೇ. ಬೇಕರಿಯವಳಾದರೂ ಒಂದು ಹಲ್ಲೂ ಹುಳುಕಿರಲಿಲ್ಲ. ಹಾಗಾಗಿ ಅವರ ಹೆದರಿಕೆ ಅವಳಿಗಿರಲಿಲ್ಲ.

“ಯಾರು ಮಲಗಿದ್ದು, ಇವನಾ?” ಎಂದಳು. “ಕಿಟಕಿ ತೆರೆದಿದ್ರೆ ಇವನಿಗೆ ನಿದ್ದೆ ಬರಲ್ಲ!”

ಆರ್ಚಿಯ ದನಿ, ಬಟ್ಟೆಯೊಳಗಿನಿಂದ, ಸಣ್ಣಗೆ ಬಂತು.

“ಸುಳ್ಳು ಹೇಳಿದ್ದೆ, ಮಿಸ್ಟರ್ ಫಾರ್ಕರ್. ಒಂದು ದಿನಾನೂ ಮಲಗಿಲ್ಲ. ಎಲ್ಲರೂ ನಕ್ರು ಅಂತ ಹೇಳ್ದೆ. ಇಶ್ಬೆಲ್, ನನಗೆ ಒಬ್ಬನೇ ಮಲಗೋಕೆ ಭಯ ಆಗುತ್ತೆ ಕಣೇ. ಬೀರಿಗೆ ಇನ್ನೊಂದು ಸಾಮಾನು ಅಂತ ನೀನು ಹೊರಟುಬಿಡ್ತೀಯ ಅಂತ ಮುಚ್ಚಿಟ್ಟೆ. ಅಷ್ಟೇ.”

ಗುಡಾರ ಅಲುಗಾಡತೊಡಗಿತು. ಅವಳು ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಇಶ್ಬೆಲ್ ನಗುತ್ತಿದ್ದಳು. ವಾರಗಟ್ಟಲೆ ಹಿಡಿದಿಟ್ಟಿದ್ದ ನಗು. ಆ ಅಲುಗಾಟಕ್ಕೆ ಜಿಪ್ಪು ತಾನಾಗಿಯೇ ಬಿಟ್ಟುಕೊಂಡು ಆರ್ಚಿ ಹುಲ್ಲಿನ ಮೇಲೆ ಉರುಳಿಬಿದ್ದ. ಅದೇ ಗಳಿಗೆಗೆ ಮಳೆ ಹನಿಯತೊಡಗಿತು. ಗೇವಿನ್ ಓಡಿದ, ಫಾರ್ಕರ್ ಓಡಿದರು, ಕಿಟಕಿಗಳು ಮುಚ್ಚಿಕೊಂಡವು.

“ಬಾ ಇಶ್ಬೆಲ್, ಒಳಗೆ ಹೋಗೋಣ. ನೆನೀತೀಯ.”

“ನಾನು ನೆನೀತಾ ಇಲ್ಲ,” ಎಂದಿತು ಗುಡಾರ. “ನೀನು ನೆನೀತಾ ಇದೀಯ. ಹೋಗು. ಐದು ನಿಮಿಷ ಬಿಟ್ಟು ಬರ್ತೀನಿ.”

ಒಳಗಿನಿಂದ ಜಿಪ್ಪು ಎಳೆದ ಸದ್ದಾಯಿತು. ಆ ಐದು ನಿಮಿಷ ಸಂಜೆಯವರೆಗೂ ನಡೆಯಿತು. ಆರ್ಚಿ ಕಿಟಕಿಯಿಂದ ಮೂರು ಸಲ ಕೂಗಿದ. ಟೀ ಬೇಕೇ? ಬೇಡ. ಟೀಪುಡಿ ಎಲ್ಲಿದೆ? ಹುಡುಕು. ಬಿಸಿ ನೀರಿನ ಪಾತ್ರೆ ಯಾವುದು? ಅದಕ್ಕೆ ಗುಡಾರ ಉತ್ತರವನ್ನೇ ಕೊಡಲಿಲ್ಲ. ಮದುವೆಯಾದ ಮೇಲೆ ಇಶ್ಬೆಲ್‌ಳನ್ನು ಯಾರು ಏನು ಕೇಳಿದರೂ ಉತ್ತರ ಕೊಡಬೇಕಿಲ್ಲದ ಜಾಗ ಅವಳಿಗೆ ಸಿಕ್ಕಿದ್ದು ಅದೇ ಮೊದಲು. ತಲೆಯ ಮೇಲೆ ಮಳೆ ತಟಪಟ ಅನ್ನುತ್ತಿತ್ತು. ಕೈಚಾಚಿದರೆ ನಾಲ್ಕೂ ಗೋಡೆ ಸಿಗುತ್ತಿದ್ದವು, ಒಂದರ ಮೇಲೂ ಧೂಳಿರಲಿಲ್ಲ.

ಬುಧವಾರ ಮುಗಿಯಿತು. ಗುರುವಾರ ಅಂಗಳ ಬೇರೆಯವರದು. ಹಾಗಾಗಿ ಇಶ್ಬೆಲ್‌ಗೆ ಬೆಟ್ಟಕ್ಕೆ ಹೋಗದೆ ಬೇರೆ ದಾರಿಯೇ ಇರಲಿಲ್ಲ. ಸೂಟ್‌ಕೇಸಿನ ಬಟ್ಟೆಗಳನ್ನು ಬೆನ್ನಿನ ಚೀಲಕ್ಕೆ ಬದಲಾಯಿಸಿ, ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: “ಹೇಳಿದ್ದೆ ತಾನೇ? ಇನ್ನೊಂದು ಸಾಮಾನು ಒಳಗೆ ಬಂದ್ರೆ ನಾನು ಹೊರಗೆ ಅಂತ.”

ಸಂಘದಲ್ಲಿ ಭಾಷಣ ಮಾಡಿದವಳೂ ಅವಳೇ. ಸೂಪಿನ ಬಟ್ಟಲು ಹಿಡಿದು ಆರ್ಚಿ ಕೊನೆಯ ಸಾಲಿನಲ್ಲಿ ಕೂತು ಕೇಳಿದ. ಬೇಸಿಗೆ ಹೋಗಿ ಚಳಿ ಬಂತು. ವಾರದ ಕೊನೆ ಬಂದರೆ ಇಶ್ಬೆಲ್ ಬೆಟ್ಟದಲ್ಲಿ. ಬಚ್ಚಲ ಲೋಟದಲ್ಲಿ ಅವಳ ಬ್ರಷ್ಷು ಅರ್ಧವಾಗಿದ್ದದ್ದನ್ನೂ, ಅವಳ ಸ್ವೆಟರುಗಳಿಗೆ ಲೇಬಲ್ಲು ಇಲ್ಲದ್ದನ್ನೂ ಆರ್ಚಿ ನೋಡಿದ. ನೋಡಿದವನು ಕೆಳಮನೆಗೆ ಹೋಗಬಾರದಿತ್ತು, ಹೋದ.

“ಒಬ್ಬಳೇ ಹೋಗ್ತಾಳಂತಾ?” ಎಂದಳು ರಟ್ರೇಯಮ್ಮ ಟೀ ಬಗ್ಗಿಸುತ್ತಾ. “ಇಬ್ಬರು ಹಿಡಿಸಲ್ಲ ಅಂತ ಗೇವಿನ್ ಹೇಳಿದ್ದು ನಿನ್ನ ಗಾತ್ರ ನೋಡಿ. ತೆಳ್ಳಗಿರೋನು ಯಾರಾದ್ರೂ ಆದ್ರೆ?”

ಮರುದಿನ ಭಾನುವಾರ. ಆರ್ಚಿ ಏದುಸಿರು ಬಿಡುತ್ತಾ, ಕಾಲು ಕಾಲಿಗೂ ಜಾರುತ್ತಾ, ತುಂತುರು ಮಳೆಯಲ್ಲಿ ಬೆನ್ ಡೌರಿಯನ್ನು ಹತ್ತಿದ. ಸಂಘಕ್ಕೆ ಸೇರಿ ಇಷ್ಟು ಕಾಲವಾದರೂ ಅಷ್ಟು ಎತ್ತರಕ್ಕೆ ಅವನು ಹೋದದ್ದು ಇದೇ ಮೊದಲು. ಬಂಡೆಯ ಮರೆಯಲ್ಲಿ ಹಸಿರು ಟೋಪಿ ನಿಂತಿತ್ತು. ಅವನು ಸುತ್ತ ನಡೆದು ನೋಡಿದ. ಎಲ್ಲೂ ಎರಡನೆಯ ಮೊಣಕೈ ಉಬ್ಬಿರಲಿಲ್ಲ.

“ಇಶ್ಬೆಲ್?”

ಜಿಪ್ಪು ಒಂದು ಗೇಣು ತೆರೆಯಿತು. ಅವಳ ಕೈ ಹೊರಗೆ ಬಂತು, ಕೈಯಲ್ಲಿ ಹಬೆಯಾಡುವ ಟೀ ಲೋಟ.

“ಕುಡಿದು ಹೋಗು. ಜಾಗ ಇಲ್ಲ. ಒಲೇಲಿ ಕೀಮಾ ಇಟ್ಟು ಬಂದಿದೀನಿ, ಬಿಸಿ ಮಾಡ್ಕೋ.”

ಆರ್ಚಿ ಮಳೆಯಲ್ಲಿ ನಿಂತು ಟೀ ಕುಡಿದ. ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದನ್ನು ಕೇಳಿಯೇಬಿಟ್ಟ. “ನನ್ನ ನೆನಪು ಬರಲ್ವೇನೇ?”



“ಬರುತ್ತೆ,” ಎಂದಳು ಇಶ್ಬೆಲ್. “ಮನೇಲಿ ಪಕ್ಕದಲ್ಲೇ ಬಿದ್ದುಕೊಂಡಿರ್ತಿದ್ದೆಯಲ್ಲ, ಆಗ ಒಂದು ದಿನಾನೂ ಬಂದಿರಲಿಲ್ಲ. ಇಲ್ಲಿ ಬಂದ ಮೇಲೆ ಬರೀ ಅದೇ. ಆ ನದಿ ದಂಡೆ, ಆ ನೊರಜು, ಎಲ್ಲ. ಈಗ ಹೋಗು, ನೀನು ಮುಂದೆ ನಿಂತಿದ್ರೆ ಕೆಡುತ್ತೆ.”

ಕೈ ಖಾಲಿ ಲೋಟವನ್ನು ಒಳಗೆ ತೆಗೆದುಕೊಂಡಿತು. ಹೋಗುವ ಮುಂಚೆ ಅವನ ತಣ್ಣಗಿನ ಬೆರಳುಗಳನ್ನು ಒಮ್ಮೆ ಹಿಡಿದು ಬಿಟ್ಟಿತು. ಜಿಪ್ಪು ಮುಚ್ಚಿತು.

ಆರ್ಚಿ ತೊಪ್ಪೆಯಾಗಿ ಊರು ಮುಟ್ಟಿದಾಗ ರಟ್ರೇಯಮ್ಮ ಕೊಡೆ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದಳು.

“ಏನಾಯ್ತು? ಒಳಗೆ ಅವಳ ಜೊತೆ ಯಾರಾದ್ರೂ ಇದ್ರಾ?”

“ಇದ್ದ,” ಎಂದ ಆರ್ಚಿ.

“ನಾನು ಹೇಳಿರಲಿಲ್ವಾ! ಯಾರು?”

“ನಾನೇ.”

ರಟ್ರೇಯಮ್ಮ ಅವನ ತಲೆಯಿಂದ ಕಾಲಿನವರೆಗೆ ಸುರಿಯುತ್ತಿದ್ದ ನೀರನ್ನು ನೋಡಿದಳು. ಒಂದು ಮಾತನ್ನೂ ನಂಬಲಿಲ್ಲ.